ನಾಲಬಂದ ಕಾಕಾನ ಉಪ್ಪುನೀರು

ನಾಲಬಂದ ಕಾಕಾನ ಎರಡೂ ಮೊಣಕಾಲುಗಳ ಒಳಬದಿಯ ಚರ್ಮ ಕಪ್ಪಗೆ, ದಪ್ಪಗೆ, ಹಳೆಯ ಚಪ್ಪಲಿಯ ಅಟ್ಟೆಯ ಹಾಗಿತ್ತು. ಐವತ್ತು ವರ್ಷ ಎತ್ತು, ಕುದುರೆಗಳ ಗೊರಸನ್ನು ಅಲ್ಲೇ ಸಿಕ್ಕಿಸಿಕೊಂಡು ನಾಲ ಬಡಿದದ್ದರ ಗುರುತು ಅದು. ದಾರಿಯಲ್ಲಿ ನಡೆಯುವಾಗಲೂ ಕಾಲು ಅಗಲಿಸಿಕೊಂಡೇ ನಡೆಯುತ್ತಿದ್ದರು. ಅವರು ತೀರಿಕೊಂಡ ಮೇಲೆ ಗೋಕಾಕದ ಬಸ್‌ಸ್ಟ್ಯಾಂಡಿನ ಹತ್ತಿರ ಕಟ್ಟಿದ ಫ್ಲೆಕ್ಸಿನಲ್ಲಿ ಆ ಮೊಣಕಾಲುಗಳು ಇರಲಿಲ್ಲ. ಎದೆಯಿಂದ ಮೇಲಿನ ಫೋಟೋ, ತಲೆಗೆ ಕಂಪ್ಯೂಟರಿನಲ್ಲಿ ತೊಡಿಸಿದ ಪಟಗಾ, ಸುತ್ತಲೂ ಗಾಡಿ ಓಟದ ಶರ್ಯತ್ತು ಕಮಿಟಿಯವರ ನಗುಮುಖಗಳು. ಕೆಳಗೆ ದೊಡ್ಡ ಅಕ್ಷರದಲ್ಲಿ 'ಮೂಕ ಪ್ರಾಣಿಗಳ ದೇವರು' ಎಂದು ಬರೆಸಿದ್ದರು. ಬರೆಸಿದವರ ಹೆಸರು ಓದಿದೆ. ಓದಿದಾಗ ಏರಿದ ಸಿಟ್ಟು ಇನ್ನೂ ಇಳಿದಿಲ್ಲ. ಸಮಾಧಾನದಿಂದ ಬರೆಯುವವರು ಬೇರೆ ಯಾರಾದರೂ ಇದ್ದರೆ ಬರೆದುಕೊಳ್ಳಲಿ, ನಾನು ಸಿಟ್ಟಿನಲ್ಲೇ ಬರೆಯುತ್ತೇನೆ.

ನಾನು ಪಶು ವೈದ್ಯೆ. ಹನ್ನೊಂದು ವರ್ಷಗಳ ಹಿಂದೆ ಘೋಡಗೇರಿಗೆ ಹತ್ತಿರದ ಒಂದು ಸಣ್ಣ ಪಶು ಆಸ್ಪತ್ರೆಗೆ ಮೊದಲ ನೌಕರಿಗೆ ಬಂದೆ. ಹುಕ್ಕೇರಿಯವಳೇ ಆದ್ದರಿಂದ ಊರು, ಮಾತು ಹೊಸದಲ್ಲ. ಎಮ್ಮೆ, ಆಕಳು, ಆಡು ನೋಡುವ ಧೈರ್ಯವಿತ್ತು. ಕುದುರೆಯ ಮಾತು ಬೇರೆ. ನಮ್ಮ ಕಡೆ ಕುದುರೆ ಎಂದರೆ ಎರಡೇ ಬಗೆ. ಕುರಿಗಾರರ ಸಂಸಾರವನ್ನು ಬೆನ್ನ ಮೇಲೆ ಹೊತ್ತು ಊರೂರು ನಡೆಯುವ ಗಿಡ್ಡ ಕುದುರೆ ಒಂದು. ಒಂದು ಕಡೆ ಎತ್ತು, ಒಂದು ಕಡೆ ಕುದುರೆ ಹೂಡಿ ಓಡಿಸುವ ಶರ್ಯತ್ತಿನ ಗಾಡಿಯ ಕುದುರೆ ಇನ್ನೊಂದು. ಕುದುರೆಯ ಕಾಲಿನ ಒಂದೊಂದು ಎಲುಬಿನ ಹೆಸರೂ ನನಗೆ ಬಾಯಿಪಾಠ ಬರುತ್ತಿತ್ತು. ಒಂದು ಕಾಲನ್ನೂ ಕೈಯಲ್ಲಿ ಎತ್ತಿ ಹಿಡಿದಿರಲಿಲ್ಲ.

ಬಂದ ತಿಂಗಳಲ್ಲೇ ಒಬ್ಬ ಕುರಿಗಾರ ತನ್ನ ಕುದುರೆ ತಂದ. ಮೇಯಲು ಬಿಟ್ಟಾಗ ದೂರ ಹೋಗದಿರಲಿ ಎಂದು ಇವರು ಮುಂಗಾಲೆರಡನ್ನೂ ಹಗ್ಗದಿಂದ ಜೋಡಿಸಿ ಕಟ್ಟುತ್ತಾರೆ. ಮೊದಲು ಸೆಣಬಿನ ಹಗ್ಗ ಇರುತ್ತಿತ್ತಂತೆ, ಈಗ ಎಲ್ಲ ಕಡೆ ನೈಲಾನು. ಅದು ಗೊರಸಿನ ಮೇಲಿನ ಕುಳಿಯಲ್ಲಿ ಕೊರೆದು ಹಿಂದೆ ಹಿಮ್ಮಡದ ತನಕ ಗಾಯ ಮಾಡಿತ್ತು. ದೊಡ್ಡ ಗಾಯವೇನಲ್ಲ. ಔಷಧ ಹಚ್ಚಿ, ಹತ್ತಿ ಇಟ್ಟು, ದಪ್ಪನೆಯ ಪಟ್ಟಿಯನ್ನು ಬಿಗಿಯಾಗಿ ಸುತ್ತಿದೆ. ದಿನಾ ಬಿಚ್ಚಿ ಬದಲಿಸಬೇಕೆಂದು ಹೇಳಿದೆ. ಅವನು ಹೂಂ ಅಂದ. ನನ್ನ ಪಟ್ಟಿಯ ಅಂದ ನೋಡಿ ನಾನೇ ಖುಷಿಪಟ್ಟೆ.

ಐದನೆಯ ದಿನ ಮುಂಜಾನೆ ಒಬ್ಬ ವಯಸ್ಸಾದ ಮನುಷ್ಯ ಕಾಲು ಅಗಲಿಸಿಕೊಂಡು ನಡೆಯುತ್ತ ಒಳಗೆ ಬಂದರು. ಮೊಣಕಾಲಿನ ತನಕ ಎತ್ತಿ ಕಟ್ಟಿದ ಧೋತರ, ಹೆಗಲಿಗೆ ಕ್ಯಾನ್ವಾಸ್ ಚೀಲ. ನಮಸ್ಕಾರ ಇಲ್ಲ, ಏನಿಲ್ಲ. ಒಂದು ಪೇಪರಿನ ಗಂಟನ್ನು ನನ್ನ ರಿಜಿಸ್ಟರಿನ ಮೇಲೆ ಇಟ್ಟು ಬಿಚ್ಚಿದರು. ಒಳಗೆ ನನ್ನ ಪಟ್ಟಿ. ಕೀವು, ಕೆಸರು, ಕೂದಲು ಎಲ್ಲ ಕೂಡಿ ಗಟ್ಟಿಯಾಗಿತ್ತು. ಆ ವಾಸನೆಗೆ ನನ್ನ ಕಂಪೌಂಡರ್ ಹೊರಗೆ ಓಡಿದ.

"ಇದು ನಿಮ್ದ ಏನ್ರಿ, ಬಾಯಾರ?" ಎಂದರು.

ದಿನಾ ಬದಲಿಸಬೇಕೆಂದು ಹೇಳಿದ್ದೆನೆಂದೆ.

"ಅವ ಕುರಿ ಹಿಂದ ನಡ್ಯಾವ ಅದಾನ. ನಿನ್ನೆ ಹೊಳಿ ದಾಟ್ಯಾನ. ನಿಮ್ಮ ಮಾತ ಅವನ ಕಿವ್ಯಾಗ ಉಳೀತು, ಪಟ್ಟಿ ಕುದುರಿ ಕಾಲಾಗ ಉಳೀತು. ಬಿಚ್ಚಾವ್ರು ಯಾರು?"

ನನಗೂ ಮೂಗಿನ ತುದಿಯಲ್ಲೇ ಸಿಟ್ಟು. ಕೇಳಲು ನೀವು ಯಾರು ಎಂದೆ. ಗೋಕಾಕದಲ್ಲಿ ನಾಲ ಬಡಿಯುವವನೆಂದೂ, ಕುರಿಗಾರ ತನ್ನ ಹತ್ತಿರ ಬಿಟ್ಟುಹೋದ ಕುದುರೆ ಆಸ್ಪತ್ರೆಯ ಹಿಂದೆ ಬೇವಿನ ಗಿಡದ ಕೆಳಗೆ ನಿಂತಿದೆಯೆಂದೂ, ಕಲಿಯುವ ಮನಸ್ಸಿದ್ದರೆ ಬರಬೇಕು, ಇಲ್ಲದಿದ್ದರೆ ಕುರ್ಚಿ ಮೇಲೆ ಆರಾಮ ಕೂಡ್ರಬೇಕೆಂದೂ ಹೇಳಿ ಹೊರಟೇಬಿಟ್ಟರು. ಜಗಳ ಆಡಲೆಂದೇ ನಾನು ಹಿಂದೆ ಹೋದೆ. ಹೋದವಳು ಒಂದು ತಾಸು ಅವರ ಬಾಜೂ ಕೂತೆ.

ಅವರು ಮಾಡಿದ್ದರಲ್ಲಿ ಮಂತ್ರವೂ ಇರಲಿಲ್ಲ, ಮಾಯವೂ ಇರಲಿಲ್ಲ. ಕುದಿಸಿ ಆರಿಸಿದ ನೀರು, ತಂಬಿಗೆಗೆ ಒಂದು ಚಮಚೆ ಉಪ್ಪು. ಮೊದಲು ಒದ್ದೆ ಬಟ್ಟೆಯಿಂದ ಗಾಯ ಮುಚ್ಚಿ, ಕೂದಲು ಒಳಗೆ ಬೀಳದಂತೆ ಸುತ್ತಲೂ ಕತ್ತರಿಸಿದರು. ಆಮೇಲೆ ಮೇಲಿನಿಂದ ನೀರು ಬಿಟ್ಟರು. ತಿಕ್ಕಲಿಲ್ಲ, ಬರೀ ನೀರೇ ಕೊಳೆಯನ್ನು ಎತ್ತಿಕೊಂಡು ಹೋಗುವ ತನಕ ಸುರಿದರು. ಮೂಗು ಹತ್ತಿರ ಹಿಡಿದು ವಾಸನೆ ನೋಡಿದರು. ಮತ್ತೆ ನೀರು. ಗಾಯದ ಆಳದಿಂದ ತತ್ತಿಯ ಬಿಳಿಯಂಥ ಅಂಟು ನೀರು ಬಂದರೆ ಕೀಲಿನ ತನಕ ಹೋಗಿದೆ ಎಂದು ಅರ್ಥ, ಅದು ತನ್ನ ಕೆಲಸ ಅಲ್ಲ, ಅದಕ್ಕೆ ದೊಡ್ಡ ಆಸ್ಪತ್ರೆಯೇ ಬೇಕು ಎಂದರು. ಇದರಲ್ಲಿ ಅದು ಇರಲಿಲ್ಲ. ಕೊನೆಗೆ ಒಣಬಟ್ಟೆಯಿಂದ ಒತ್ತಿ ಒಣಗಿಸಿ, ನೊಣ ಕೂಡ್ರಬಾರದೆಂದು ಸುತ್ತಲೂ, ಸುತ್ತಲೂ ಮಾತ್ರ, ಬೇವಿನೆಣ್ಣೆ ಸವರಿದರು.

"ಹಿಮ್ಮಡ ಅಂದ್ರ ಬಾಗಲಾ ಇದ್ದಂಗ್ರಿ. ಹೆಜ್ಜಿಗೊಮ್ಮೆ ತೆರೀತೈತಿ. ಬಾಗಲಾ ಮುಚ್ಚಬೇಕಂದ್ರ ಮಂದಿ ಅಡ್ಡಾಡೂದು ಬಿಡಬೇಕು. ಎಂಟ ದಿನ ಒಣಾ ನೆಲದ ಮ್ಯಾಲ ಕಟ್ರಿ, ದಿನಕ್ಕ ಎರಡ ಸಲ ತೊಳೀರಿ. ಅಷ್ಟ."

ಅಷ್ಟೇ. ನಮ್ಮ ಮಂದಿಗೆ ಆ 'ಅಷ್ಟೇ' ಸಾಲುವುದಿಲ್ಲ. ಒಬ್ಬ ಬ್ಯಾಟರಿ ಸೆಲ್ ಒಡೆದು ಕರಿ ಪುಡಿ ತುಂಬುತ್ತಾನೆ, ಇನ್ನೊಬ್ಬ ಟ್ರ್ಯಾಕ್ಟರಿನ ಸುಟ್ಟ ಆಯಿಲ್ ಬಳಿಯುತ್ತಾನೆ, ಮತ್ತೊಬ್ಬ ತಂಪಾಗಲಿ ಎಂದು ರಾಡಿಯಲ್ಲಿ ನಿಲ್ಲಿಸುತ್ತಾನೆ. ಇವರನ್ನೆಲ್ಲ ಕಾಕಾ ಬೈಯುತ್ತಿದ್ದ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ. ಬೈಯುತ್ತಲೇ ತೊಳೆಯುತ್ತಿದ್ದರು. ಅವರ ಸಿಟ್ಟು ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ಕಡೆ ಹೆಸರುವಾಸಿ. ಆದರೆ ಒಂದು ಪ್ರಾಣಿಯ ಮೇಲೂ ಅವರು ದನಿ ಏರಿಸಿದ್ದನ್ನು ನಾನು ಕೇಳಲಿಲ್ಲ. ಒಮ್ಮೆ ಒಂದು ಕುದುರೆ ಒದ್ದು ಪಕ್ಕೆಲುಬು ಮುರಿದಿತ್ತು. ಅದರ ತಪ್ಪೇನು, ಹಿಂದೆ ನಿಂತವನು ನಾನು ಎಂದು ಹೇಳಿ, ಎದೆಗೆ ಪಟ್ಟಿ ಸುತ್ತಿಕೊಂಡೇ ಅದೇ ಕುದುರೆಗೆ ನಾಲ ಬಡಿದು ಮುಗಿಸಿದರು.

ಅವರದೊಂದು ಚಾಳಿಯಿತ್ತು. ಗಾಯದ ಪ್ರಾಣಿ ತಂದವನಿಗೆ ಒಂದೇ ಪ್ರಶ್ನೆ, "ಎಂದ ಆತು?" ಉತ್ತರ ಬಂದ ಮೇಲೆ ಕತ್ತರಿ ತೆಗೆಯುತ್ತ ಮತ್ತೆ, "ಎಂದ ಆತು?" ನೀರು ಸುರಿಯುತ್ತ ಮೂರನೆಯ ಸಲ. ಚಿಕ್ಕೋಡಿ ಕಡೆಯಿಂದ ಕಬ್ಬಿನ ಗಾಡಿ ಹೊಡೆದುಕೊಂಡು ಬಂದವನೊಬ್ಬ ಮೊದಲು ನಿನ್ನೆ ಎಂದ, ಎರಡನೆಯ ಸಲ ಮೊನ್ನೆ ಇರಬಹುದು ಎಂದ, ಮೂರನೆಯ ಸಲ ಕೇಳಿದಾಗ ಅಮಾವಾಸ್ಯೆ ಆಗಿ ಎರಡು ದಿನಕ್ಕೆ ಎಂದ. ನಾವು ಮಾತಾಡುತ್ತಿದ್ದದ್ದು ಹುಣ್ಣಿಮೆಯ ಮರುದಿನ. ನನಗೆ ನಗು ತಡೆಯಲಾಗಲಿಲ್ಲ. ಕಾಕಾ ನಗಲಿಲ್ಲ. ಅವನು ಹೋದ ಮೇಲೆ ನನ್ನ ಕಡೆ ತಿರುಗಿ ಹೇಳಿದರು:

"ಒಮ್ಮೆ ಕೇಳಿದ್ರ ಮಾಲಕ ತನ್ನ ಮಾನ ಹೇಳ್ತಾನ, ಎರಡನೇ ಸಲಕ್ಕ ನೆನಪ ಹೇಳ್ತಾನ. ಖರೆ ಬರೂದು ಮೂರನೇದಕ್ಕ. ಬ್ಯಾಸರ ಮಾಡಕೋಬ್ಯಾಡ್ರಿ, ಕೇಳ್ರಿ."

ನಾನು ಈ ಮಾತನ್ನು ಒಂದು ಚಾಳಿ ಎಂದುಕೊಂಡೆ. ಪಾಠ ಎಂದುಕೊಳ್ಳಲಿಲ್ಲ. ಅದರ ದಂಡ ಯಾರು ಕಟ್ಟಿದರೆಂಬುದೇ ಮುಂದಿನ ಮಾತು.

ಆ ಹೊತ್ತಿಗೆ ನಮ್ಮಿಬ್ಬರಲ್ಲಿ ಒಂದು ಪಾಲುಪಟ್ಟಿ ಆಗಿತ್ತು. ನೀರು ಅವರದು, ಸೂಜಿ ನನ್ನದು. ಕುದುರೆಗೆ ಧನುರ್ವಾಯು ಬಲು ಬೇಗ ತಗಲುತ್ತದೆ. ಗೊರಸಿನ ಹತ್ತಿರದ ಚಿಕ್ಕ ಗಾಯವೂ ಸಾಕು, ಮಣ್ಣು, ಲದ್ದಿ ಎಲ್ಲ ಅಲ್ಲೇ ಇರುತ್ತದೆ. ಅದರ ಸೂಜಿ ಬೀಳದೆ ಬರೀ ತೊಳೆದರೆ ಆಗದೆಂಬುದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ತೊಳೆದು ಏಳುವಾಗ ಪ್ರತಿಸಲವೂ, ಸೂಜಿ ನಿಮ್ಮ ಪಾಲಿಂದು ಯವ್ವಾ, ಎನ್ನುತ್ತಿದ್ದರು. ಬಾಯಾರ ಹೋಗಿ ಯವ್ವಾ ಆಗಿದ್ದೆ.

ನೌಕರಿಗೆ ಬಂದು ಎಂಟು ತಿಂಗಳಾಗಿತ್ತು. ಘೋಡಗೇರಿ ಆಚೆಯ ಒಬ್ಬ ಸಾಹುಕಾರರ ಕುದುರೆಗೆ ಗಾಯವಾಗಿದೆಯೆಂದು ಕರೆ ಬಂತು. ಶರ್ಯತ್ತು ಕಮಿಟಿಯ ಮುಖ್ಯಸ್ಥರು ಅವರೇ. ಕುದುರೆ ಕೆಂಚು ಬಣ್ಣದ ಹೆಣ್ಣು, ಮೂರು ತಾಲೂಕಿನಲ್ಲಿ ಹೆಸರು ಮಾಡಿದ್ದು. ತಾಲೀಮಿನಲ್ಲಿ ಓಡುವಾಗ ತನ್ನದೇ ಹಿಂಗಾಲಿನ ನಾಲ ಮುಂಗಾಲಿನ ಹಿಮ್ಮಡಕ್ಕೆ ತಾಗಿ ಚರ್ಮ ಹರಿದು ತುಂಡು ಜೋತಾಡುತ್ತಿತ್ತು. ಓಡುವ ಕುದುರೆಗೆ ಇದು ಆಗುವುದೇ. ಕಾಕಾ ಗೋಕಾಕದಿಂದ ಬಸ್ಸಿನಲ್ಲಿ ಬಂದರು, ನಾನು ನನ್ನ ಸ್ಕೂಟಿಯಲ್ಲಿ.

ನಾವು ಹೋದಾಗ ಗಾಯ ಕಾಣುತ್ತಲೇ ಇರಲಿಲ್ಲ. ಹಿಮ್ಮಡ ತುಂಬ ಭಂಡಾರ ಮೆತ್ತಿದ್ದರು. ದೇವರ ಗುಡಿಯಿಂದ ತಂದದ್ದೆಂದು ಸಾಹುಕಾರರು ಭಕ್ತಿಯಿಂದಲೇ ಹೇಳಿದರು. ಮೊದಲು ಭಂಡಾರವೆಂದರೆ ಅರಿಶಿನ. ಈಗ ಚೀಲಗಟ್ಟಲೆ ಬರುವ ಪುಡಿಯಲ್ಲಿ ಅರಿಶಿನ ಎಷ್ಟೋ, ಬಣ್ಣ ಎಷ್ಟೋ ದೇವರೇ ಬಲ್ಲ. ಕುದುರೆ ಆ ಕಾಲನ್ನು ನೆಲಕ್ಕೆ ಊರುತ್ತಿರಲಿಲ್ಲ.

ಕಾಕಾ ಅಲ್ಲಿ ಬೈಯಲಿಲ್ಲ. ಸಾಹುಕಾರರ ಕೈಯಲ್ಲಿದ್ದ ಬಟ್ಟಲಿನಿಂದ ಒಂದು ಚಿಟಿಕೆ ಭಂಡಾರ ತೆಗೆದು ಕುದುರೆಯ ಹಣೆಗೆ ಹಚ್ಚಿ, ಆ ಬೆರಳನ್ನು ತಮ್ಮ ಕಣ್ಣಿಗೆ ಒತ್ತಿಕೊಂಡರು.

"ಭಂಡಾರ ಹಣಿಗಿ ಹಚ್ರಿ, ಸಾಹುಕಾರ್ರ. ಹಿಮ್ಮಡಕ್ಕ ಉಪ್ಪನೀರು," ಎಂದು ಹೇಳಿ ತಂಬಿಗೆ ಎತ್ತಿದರು. ಹಳದಿ ನೀರು ಅಂಗಳದ ತುಂಬ ಹರಿಯಿತು. ಸಾಹುಕಾರರ ಮುಖ ಗಂಟಿಕ್ಕಿತು. ಗಾಡಿ ಹೊಡೆಯುವವನು, ಸಾಹುಕಾರರ ಮನೆಯಲ್ಲೇ ಬೆಳೆದ ಆಳು, ಕುದುರೆಯ ಲಗಾಮು ಹಿಡಿದು ನಿಂತಿದ್ದ.

ಎಂಟು ದಿನ ಕಟ್ಟಬೇಕೆಂದು ಕಾಕಾ ಹೇಳಿದರು. ಐದನೆಯ ದಿನ ಹತ್ತರಗಿ ಕಡೆ ಶರ್ಯತ್ತಿದೆ ಎಂದರು ಸಾಹುಕಾರರು. ಹಾಗಾದರೆ ಅದು ಬೇರೆ ಕುದುರೆಯ ಶರ್ಯತ್ತು ಎಂದರು ಕಾಕಾ. ಸೂಜಿಯ ಸರದಿ ನನ್ನದು. ನಮ್ಮ ಆಸ್ಪತ್ರೆಯ ಕಪಾಟಿನಲ್ಲಿ ಧನುರ್ವಾಯುವಿನ ಸೂಜಿ ಇರಲಿಲ್ಲ. ಚೀಟಿ ಬರೆದು ಕೊಟ್ಟೆ. ಗೋಕಾಕದಿಂದ ತರಿಸಿರಿ, ಸಂಜೆಯೊಳಗೆ ಬಂದು ಮಾಡುತ್ತೇನೆ ಎಂದೆ. ಸಂಜೆ ಸಾಹುಕಾರರಿಗೆ ಫೋನ್ ಮಾಡಿದೆ. ಔಷಧ ತರಿಸಿದ್ದಾಯಿತು, ತಮ್ಮ ಪರಿಚಯದ ಕಂಪೌಂಡರ್ ಕೈಯಿಂದ ಮಾಡಿಸಿದ್ದೂ ಆಯಿತು, ನೀವು ಬರುವ ತ್ರಾಸು ಯಾಕೆ ಎಂದರು. ಆಯಿತು ಎಂದು ಫೋನ್ ಇಟ್ಟೆ.

ಒಂದೇ ಸಲ ಕೇಳಿದೆ. ಹೋಗಿ ನೋಡಲಿಲ್ಲ. ಖಾಲಿ ಸೀಸೆ ತೋರಿಸಿ ಎನ್ನಲಿಲ್ಲ. ಶರ್ಯತ್ತಿನ ಮಂದಿಯಲ್ಲಿ ಒಂದು ನಂಬಿಕೆ ಇದೆ, ಸೂಜಿ ಬಿದ್ದ ಕುದುರೆಗೆ ಎಂಟು ದಿನ ಕಾಲು ಭಾರ, ಓಟ ಕಡಿಮೆ ಎಂದು. ಇದು ಆಮೇಲೆ ಗೊತ್ತಾಯಿತು. ಕೇಳಿದ್ದರೆ ಆವತ್ತೇ ಗೊತ್ತಾಗುತ್ತಿತ್ತು.

ಐದನೆಯ ದಿನ ಕುದುರೆಯನ್ನು ಓಡಿಸಿದರು. ನನ್ನ ಫೋನಿಗೆ ಯಾರೋ ವಿಡಿಯೋ ಕಳಿಸಿದರು: ಗಾಡಿ ಮೊದಲು ಬಂತು, ಹಳದಿ ಧೂಳು ಎದ್ದಿತು, ಮಂದಿ ಕುದುರೆಯನ್ನು ಸುತ್ತುವರಿದು ಮೈತುಂಬ ಭಂಡಾರ ಎರಚಿದರು. ಅದು ಗಾಯದ ಮುಂಗಾಲನ್ನು ನೆಲಕ್ಕೆ ಊರದೆ ನಿಂತಿತ್ತು. ಕಾಕಾನಿಗೆ ತೋರಿಸಿದೆ. ಅವರು ಅಲ್ಲಿಂದಲೇ ಬಸ್ಸು ಹತ್ತಿ ಸಾಹುಕಾರರ ಮನೆಗೆ ಹೋಗಿ ಬಾಗಿಲಲ್ಲಿ ನಿಂತು ಓಣಿಯವರೆಲ್ಲ ಹೊರಬರುವಂತೆ ಕೂಗಾಡಿದರಂತೆ. ಕುದುರೆ ಆರಾಮ ಇದೆ ಎಂದು ಹೇಳಿ ಒಳಗೆ ಬಿಡಲಿಲ್ಲ. ಮರುದಿನ ನಾನು ಹೋದೆ. ನನಗೂ ಅದೇ ಉತ್ತರ, ಜೊತೆಗೆ ಒಂದು ಕಪ್ ಚಹಾ. ಆ ಚಹಾ ಕುಡಿದು ಬಂದೆನಲ್ಲ, ಅದಕ್ಕೆ ನನ್ನ ಮೇಲೆ ಇರುವ ಸಿಟ್ಟು ಬೇರೆಯೇ ಇದೆ.

ಹನ್ನೆರಡನೆಯ ದಿನ ಅವರೇ ಕರೆಸಿದರು, ಮೇವು ತಿನ್ನುತ್ತಿಲ್ಲ ಎಂದು. ಕಾಕಾ ಅಂಗಳದ ಬಾಗಿಲಲ್ಲೇ ನಿಂತುಬಿಟ್ಟರು. ಕುದುರೆ ನಾಲ್ಕೂ ಕಾಲು ಚಾಚಿ ಮರದ ಕುದುರೆಯ ಹಾಗೆ ಸೆಟೆದಿತ್ತು. ಕಿವಿ ನೆಟ್ಟಗೆ, ಬಾಲ ಅಡ್ಡ ಎದ್ದು, ಕಣ್ಣಿನ ಒಳಗಿನ ಪೊರೆ ಅರ್ಧ ಮುಚ್ಚಿತ್ತು. ಯಾರದೋ ಕೈಯಿಂದ ಬಕೆಟ್ ಬಿದ್ದ ಸದ್ದಿಗೆ ಇಡೀ ಮೈ ನಡುಗಿತು. ಧನುರ್ವಾಯು. ಸೂಜಿ ಮಾಡಿಸಿದ್ದಿರಾ ಎಂದು ಸಾಹುಕಾರರನ್ನು ಕೇಳಿದೆ. ಮಾಡಿಸಿದ್ದೇವೆ ಎಂದರು. ಗಾಡಿ ಹೊಡೆಯುವವನನ್ನು ನೋಡಿದೆ. ಅವನು ನೆಲ ನೋಡಿದ. ನನಗೆ ಆಗಲೇ ತಿಳಿಯಿತು.

ಬೆಳಗಾವಿಯಿಂದ ಔಷಧ ತರಿಸಿ ಎರಡು ದಿನ ಹೋರಾಡಿದೆ. ಕತ್ತಲೆ ಕೋಣೆಯಲ್ಲಿ ಕಾಕಾ ಅದರ ಬಾಜೂ ಕೂತು, ಬಿಗಿದ ದವಡೆಯ ಸಂದಿಯಲ್ಲಿ ಬಟ್ಟೆಯಿಂದ ಹನಿ ಹನಿ ನೀರು ಹಿಂಡಿದರು. ಮೂರನೆಯ ದಿನ ಮಧ್ಯಾಹ್ನ ಕುದುರೆ ಸತ್ತಿತು. ಸಾಹುಕಾರರು ಅದರ ಕೊರಳು ತಬ್ಬಿ ಅತ್ತರು. ಸುಳ್ಳು ಅಳು ಅಲ್ಲ, ನಿಜವಾಗಿಯೇ ಅತ್ತರು. ಅದನ್ನು ನೋಡಿ ನನ್ನ ಸಿಟ್ಟು ಇನ್ನೂ ಹೆಚ್ಚಾಯಿತು.

ಮರುದಿನ ಅದೇ ಅಂಗಳದಲ್ಲಿ ಕಮಿಟಿಯವರು ಕೂಡಿದರು. ನಮ್ಮಿಬ್ಬರನ್ನೂ ಕರೆಸಿದ್ದರು. ನಾಲಬಂದ ದೇವರ ಭಂಡಾರ ತೊಳೆದು ಹಾಕಿದ, ಉಪ್ಪುನೀರು ಹಾಕಿ ಹಾಕಿ ಗಾಯ ಕೆಡಿಸಿದ, ಇನ್ನು ಮುಂದೆ ಯಾವ ಶರ್ಯತ್ತಿನ ಮೈದಾನದಲ್ಲೂ ಇವನು ಕುದುರೆ ಮುಟ್ಟುವಂತಿಲ್ಲ ಎಂದು ಸಾಹುಕಾರರು ಹೇಳಿದರು. ಆಮೇಲೆ ನನ್ನ ಕಡೆ ತಿರುಗಿದರು.

"ನಿಮ್ಮ ಕೆಲಸ ನೀವು ಬರೋಬ್ಬರಿ ಮಾಡೀರಿ. ಹೌದಲ್ರಿ, ಬಾಯಾರ?"

ಎಷ್ಟು ಸುಲಭದ ಪ್ರಶ್ನೆ ನೋಡಿ. ಸೂಜಿ ಬಿದ್ದಿರಲಿಲ್ಲ ಎಂದು ನಾನು ಹೇಳಿದರೆ, ನೋಡದೆ ಬಿಟ್ಟ ಡಾಕ್ಟರು ಯಾರು ಎಂಬ ಪ್ರಶ್ನೆ ಏಳುತ್ತಿತ್ತು. ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಸಾಹುಕಾರರ ಮಾತು ಎಲ್ಲಿಯ ತನಕ ನಡೆಯುತ್ತದೆಂದು ಊರಿಗೆಲ್ಲ ಗೊತ್ತಿತ್ತು. ಕಾಕಾ ನನ್ನನ್ನೇ ನೋಡುತ್ತಿದ್ದರು. ಸೂಜಿ ಬಾಯಾರ ಪಾಲಿಂದು ಎಂದು ಅವರು ಒಂದು ಮಾತು ಅಂದಿದ್ದರೆ ಅವರ ಹೆಸರು ಉಳಿಯುತ್ತಿತ್ತು. ಅನ್ನಲಿಲ್ಲ.

ನಾನು ಹೌದೆಂದು ತಲೆಯಾಡಿಸಿದೆ.

ಹೊರಗೆ ಬಂದು ರಸ್ತೆಯ ತನಕ ಇಬ್ಬರೂ ನಡೆದೆವು. ಅವರು ಬೈಯುತ್ತಾರೆಂದು ಕಾದೆ. ನೈಲಾನ್ ಹಗ್ಗಕ್ಕೆ ಬೈಯುವ ಮನುಷ್ಯ, ರಾಡಿಗೆ ಬೈಯುವ ಮನುಷ್ಯ, ನನಗೆ ಬೈಯಲಿಲ್ಲ. ಬಸ್ಸು ಬಂತು.

"ನಿಂದು ಹೊಸಾ ನೌಕರಿ ಯವ್ವಾ. ಮನಿಗಿ ಹೋಗಿ ಊಟಾ ಮಾಡು," ಎಂದು ಹೇಳಿ ಹತ್ತಿದರು. ಅದುವರೆಗೂ ನನಗೆ ನೀವು ಎನ್ನುತ್ತಿದ್ದವರು ಆವತ್ತು ನೀನು ಎಂದರು. ಬೈದಿದ್ದರೆ ನಾನು ಇಷ್ಟು ವರ್ಷ ಹೀಗೆ ಉರಿಯುತ್ತಿರಲಿಲ್ಲ.

ಮುಂದಿನ ಶರ್ಯತ್ತಿನಲ್ಲಿ ಕಮಿಟಿಯವರು ಮೈಕಿನಲ್ಲೇ ಕೂಗಿ ಹೇಳಿದರು, ಇಂಥ ನಾಲಬಂದನ ಕೈಗೆ ಯಾರೂ ಕುದುರೆ ಕೊಡಬಾರದು ಎಂದು. ಕಾಕಾ ಮೈದಾನದೊಳಗೆ ಕಾಲಿಡಲಿಲ್ಲ. ಆದರೆ ಬರುವುದನ್ನು ಬಿಡಲಿಲ್ಲ. ಶರ್ಯತ್ತು ಎಲ್ಲೇ ಇರಲಿ, ಮೈದಾನದ ಹೊರಗೆ ರಸ್ತೆ ಬದಿಯ ಗಿಡದ ಕೆಳಗೆ ಉಪ್ಪುನೀರಿನ ಕ್ಯಾನು ಇಟ್ಟುಕೊಂಡು ಕೂಡ್ರುತ್ತಿದ್ದರು. ಓಟ ಮುಗಿದ ಮೇಲೆ ಹಿಮ್ಮಡ ಹರಿದ ಕುದುರೆಗಳನ್ನು ಮಂದಿ ಕಳ್ಳರ ಹಾಗೆ ಹಿಂದಿನಿಂದ ತರುತ್ತಿದ್ದರು. ಕಮಿಟಿಯಲ್ಲಿ ಕೂತವರ ಕುದುರೆಗಳೂ ಬರುತ್ತಿದ್ದವು. ಕಾಕಾ ಬೈದು ತೊಳೆಯುತ್ತಿದ್ದರು, ಮೂರು ಸಲ ಕೇಳುತ್ತಿದ್ದರು. ಮೂಡಲಗಿಗೆ ವರ್ಗವಾದ ಮೇಲೂ ನಾನು ಹೋಗಿ ಅವರ ಬಾಜೂ ಕೂಡ್ರುತ್ತಿದ್ದೆ. ಸೂಜಿಗಳನ್ನು ನಾನೇ ಡಬ್ಬಿಯಲ್ಲಿ ಬರ್ಫ ಹಾಕಿ ಒಯ್ಯುತ್ತಿದ್ದೆ, ನನ್ನ ಕೈಯಿಂದಲೇ ಮಾಡುತ್ತಿದ್ದೆ. ಅಂಗಳದಲ್ಲಿ ನಡೆದದ್ದನ್ನು ಅವರು ಒಮ್ಮೆಯೂ ಎತ್ತಲಿಲ್ಲ. ಎಲ್ಲರೆದುರು ಹೇಳಿಬಿಡುತ್ತೇನೆ ಎಂದು ಪ್ರತಿಸಲ ಹೊರಡುವಾಗ ನಿಶ್ಚಯ ಮಾಡುತ್ತಿದ್ದೆ, ಪ್ರತಿಸಲ ಹಾಗೇ ತಿರುಗಿ ಬರುತ್ತಿದ್ದೆ. ನೌಕರಿ ಕಾಯಂ ಆಗಿ ಎಷ್ಟೋ ವರ್ಷವಾಗಿತ್ತು. ಹೆದರಿಕೆಗೆ ಕಾರಣ ಉಳಿದಿರಲಿಲ್ಲ, ರೂಢಿ ಉಳಿದಿತ್ತು.

ಹೋದ ಮಳೆಗಾಲದಲ್ಲಿ ಕಾಕಾನಿಗೆ ಎದೆಯಲ್ಲಿ ಕಫ ಕಟ್ಟಿ ಜ್ವರ ಬಂತು. ಗೋಕಾಕದ ಆಸ್ಪತ್ರೆಗೆ ಹೋದೆ. ಉಸಿರು ಗೊರಗೊರ ಎನ್ನುತ್ತಿತ್ತು. ಹಿಂದಿನ ವಾರ ಇಬ್ಬರೂ ಕೂಡಿ ನೋಡಿದ ಒಂದು ಕುರಿಗಾರರ ಕುದುರೆಯ ಹಿಮ್ಮಡ ಒಣಗಿತೇ ಎಂದು ಕೇಳಿದರು. ಒಣಗಿದೆ ಎಂದೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳಿದರು. ಒಣಗಿದೆ ಕಾಕಾ, ನೀವು ಮಲಗಿರಿ ಎಂದೆ. ಕಣ್ಣು ಮುಚ್ಚಿಕೊಂಡೇ ಮೂರನೆಯ ಸಲ ಕೇಳಿದರು.

"ಒಂದ ಬಾಜೂಕ ಇನ್ನೂ ಹಸಿ ಐತ್ರಿ," ಎಂದೆ.

"ಹಂಗ ಹೇಳು ಮತ್ತ," ಎಂದರು. ಎರಡು ದಿನದ ಮೇಲೆ ತೀರಿಕೊಂಡರು.

ಹದಿಮೂರನೆಯ ದಿನ ಆದ ಮೇಲೆ ಕಮಿಟಿಯವರು ಶೋಕಸಭೆ ಇಟ್ಟರು. ಎಲ್ಲಿ ಅಂತೀರಿ? ಶರ್ಯತ್ತಿನ ಮೈದಾನದಲ್ಲಿ. ಹತ್ತು ವರ್ಷ ಯಾವ ಗೆರೆಯ ಹೊರಗೆ ಆ ಮನುಷ್ಯನನ್ನು ಕೂಡ್ರಿಸಿದ್ದರೋ, ಆ ಗೆರೆಯೊಳಗೆ ಅವರ ಫೋಟೋ ತಂದು ಕುರ್ಚಿಯ ಮೇಲಿಟ್ಟು ಹಾರ ಹಾಕಿದ್ದರು. ಫೋಟೋದ ಗಾಜಿಗೆ ಭಂಡಾರ ಬಳಿದಿದ್ದರು. ಸಾಹುಕಾರರು ಮಾತಾಡಿದರು. ಕಾಕಾ ತಮಗೆ ಒಡಹುಟ್ಟಿದ ಅಣ್ಣನ ಹಾಗೆ ಇದ್ದರಂತೆ. ಅಂಥ ಕೈಗುಣ ಇನ್ನು ಹುಟ್ಟುವುದಿಲ್ಲವಂತೆ. ಮಾತು ಮುಗಿಸಿ, ಈಗ ಡಾಕ್ಟರ್ ಬಾಯಾರು ಎರಡು ಮಾತು ಆಡುತ್ತಾರೆ ಎಂದು ಮೈಕು ನನ್ನ ಕೈಗೆ ಕೊಟ್ಟರು.

ಬರೆದುಕೊಂಡು ಹೋದ ಚೀಟಿ ಕೈಯಲ್ಲಿತ್ತು. ತೆರೆಯಲಿಲ್ಲ. ಸಾಹುಕಾರರ ಕಡೆ ತಿರುಗಿದೆ.

"ಸಾಹುಕಾರ್ರ, ನಿಮ್ಮ ಕೆಂಚ ಕುದುರಿಗೆ ಧನುರ್ವಾಯುವಿನ ಸೂಜಿ ಎಂದ ಮಾಡಿಸಿದ್ರಿ?"

ಅವರು ನಕ್ಕರು. ಇದು ಅದನ್ನು ಕೇಳುವ ಹೊತ್ತಲ್ಲ ಎನ್ನುವ ಹಾಗೆ ಕೈಯಾಡಿಸಿದರು.

"ಎಂದ ಮಾಡಿಸಿದ್ರಿ?"

ಗಾಯ ಆದ ದಿನವೇ ಮಾಡಿಸಿದ್ದೆ, ಹಳೆಯ ಮಾತು ಈಗ ಯಾಕೆ ಎಂದರು. ದನಿ ಸಣ್ಣದಾಗಿತ್ತು. ಮಂದಿ ಗುಸುಗುಸು ಎನ್ನಲು ಹತ್ತಿದರು. ಯಾರೋ ನನ್ನ ಕೈಯಿಂದ ಮೈಕು ತೆಗೆದುಕೊಳ್ಳಲು ಬಂದರು. ಕೊಡಲಿಲ್ಲ. ಮೂರನೆಯ ಸಲ ಕೇಳಿದೆ.

ಹಿಂದಿನ ಸಾಲಿನಲ್ಲಿ ಒಬ್ಬ ಎದ್ದು ನಿಂತ. ಕೂದಲು ಬೆಳ್ಳಗಾಗಿದ್ದರಿಂದ ತಕ್ಷಣ ಗುರುತು ಸಿಗಲಿಲ್ಲ. ಆ ಕುದುರೆಯ ಗಾಡಿ ಹೊಡೆಯುತ್ತಿದ್ದವನು.

"ಮಾಡಿಸಿರ್ಲಿಲ್ರಿ," ಎಂದ. "ಶರ್ಯತ್ತ ಮುಗೀಲಿ, ಸೂಜಿ ಹಾಕಿದ್ರ ಓಡೂದಿಲ್ಲ ಅಂದ್ರು. ಔಷಧ ಸಾಹುಕಾರ್ರ ಕಪಾಟನ್ಯಾಗ ಹಂಗ ಇತ್ತು. ಕಾಕಾಂದು ಏನೂ ತಪ್ಪಿರ್ಲಿಲ್ಲ."

ನನ್ನದು ಇನ್ನೂ ಒಂದು ಮಾತು ಉಳಿದಿತ್ತು. ಅದನ್ನು ಹೇಳದೆ ಇಳಿದಿದ್ದರೆ ನಾನೂ ಆ ಫ್ಲೆಕ್ಸಿನಲ್ಲಿ ನಗುವವರ ಸಾಲಿಗೇ ಸೇರುತ್ತಿದ್ದೆ. ಸೂಜಿಯ ಕೆಲಸ ನನ್ನದಾಗಿತ್ತು, ನಾನು ಒಂದೇ ಸಲ ಕೇಳಿ ಬಿಟ್ಟೆ, ಆವತ್ತು ಅಂಗಳದಲ್ಲಿ ನಿಜ ಗೊತ್ತಿದ್ದೂ ತಲೆಯಾಡಿಸಿದೆ, ಆ ಮನುಷ್ಯ ನನ್ನ ತಪ್ಪನ್ನು ಹತ್ತು ವರ್ಷ ಈ ಗೆರೆಯ ಹೊರಗೆ ಕೂತು ಹೊತ್ತ ಎಂದು ಹೇಳಿದೆ. ಹೇಳಿ, ಪರ್ಸಿನಿಂದ ಕರ್ಚೀಫು ತೆಗೆದು ಕುಡಿಯುವ ನೀರಿನಲ್ಲಿ ಅದ್ದಿ ಫೋಟೋದ ಗಾಜು ಒರೆಸಿದೆ. ಯಾರೂ ತಡೆಯಲಿಲ್ಲ. ಹಣೆಯ ಮೇಲಿನ ಒಂದು ಚಿಟಿಕೆ ಭಂಡಾರವನ್ನು ಹಾಗೇ ಬಿಟ್ಟೆ.

ಮನಸ್ಸು ಹಗುರಾಯಿತೇ ಎಂದು ಆಮೇಲೆ ಬಹಳ ಜನ ಕೇಳಿದರು. ಇಲ್ಲ. ಕೇಳಬೇಕಾದವರು ಕೇಳಿಸಿಕೊಳ್ಳಲು ಇರಲಿಲ್ಲ. ಅವರು ಬದುಕಿದ್ದಾಗ ಬಾಯಿ ಬಿಡದ ನನ್ನ ಮೇಲೆ ನನಗೆ ಸಾಹುಕಾರರ ಮೇಲಿನದಕ್ಕಿಂತ ಹೆಚ್ಚು ಸಿಟ್ಟಿದೆ, ಅದು ಹೋಗುವಂಥದ್ದಲ್ಲ.

ಮೈದಾನ ದಾಟಿ ಸ್ಕೂಟಿಯ ಹತ್ತಿರ ಬರುವಾಗ, ಕಾಕಾ ಕೂಡ್ರುತ್ತಿದ್ದ ಗಿಡದ ಕೆಳಗೆ ಗಾಡಿ ಹೊಡೆಯುವವನು ಒಂದು ಕುದುರೆ ಹಿಡಿದು ನಿಂತಿದ್ದ. ಈಗ ಅವನದೇ ಸ್ವಂತ ಕುದುರೆಯಂತೆ. ಹಿಮ್ಮಡ ನೋಡಬೇಕು ಎಂದ. ಚೀಲ ಇಳಿಸಿ, ಕಾಲು ಎತ್ತಿ ನನ್ನ ಮೊಣಕಾಲುಗಳ ನಡುವೆ ಹಿಡಿದೆ.

"ಎಂದ ಆತು?" ಎಂದೆ.

"ನಿನ್ನೆ ಮುಂಜಾನಿ ಆತ್ರಿ, ಬಾಯಾರ. ಖರೆ. ಮೂರ ಸಲ ಕೇಳಬ್ಯಾಡ್ರಿ."

ನಾನು ಇನ್ನೆರಡು ಸಲ ಕೇಳಿದೆ.